ಮುಚ್ಚಿದ ಜಾತ್ರೆ ತೆರೆದಾಗ

ಜಾತ್ರೆಗೆ ಹೋಗಿಬಂದವನನ್ನು ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ "ಜನ ಹೇಗಿತ್ತು?" ಎಂಬುದು. ತೇರು ಹೇಗಿತ್ತು, ದೇವರ ಅಲಂಕಾರ ಹೇಗಿತ್ತು ಎಂಬ ಮಾತು ಆಮೇಲಿನದು. "ಕಾಲಿಡಲು ಜಾಗವಿರಲಿಲ್ಲ" ಎಂದರೆ ಜಾತ್ರೆ ಚೆನ್ನಾಗಿ ನಡೆಯಿತೆಂದೇ ಅರ್ಥ. ಜನವಿಲ್ಲದ ಜಾತ್ರೆ ನೀರಿಲ್ಲದ ಹೊಳೆಯಂತೆ. ಅಂಥ ಒಂದು ಜಾತ್ರೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನಮ್ಮ ದೇಶದ್ದಲ್ಲ. ಯಾವ ದೇವರ ಹೆಸರಿನದೂ ಅಲ್ಲ. ಕೋವಿಡ್ ಪಿಡುಗು ಲೋಕವನ್ನೆಲ್ಲ ಆವರಿಸಿದ್ದ 2020ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದಸ್ಥಳಕ್ಕೆ ನಾನು ಹೋಗಿದ್ದೆ. ನಾಲ್ಕು ತಿಂಗಳು ಮುಚ್ಚಿದ್ದು ಆಗತಾನೆ ಬಾಗಿಲು ತೆರೆದಿದ್ದ ಆ ಸ್ಥಳದಲ್ಲಿ ಕಂಡದ್ದನ್ನೂ, ಅಲ್ಲಿಗೆ ಹೋದದ್ದು ಸರಿಯೋ ತಪ್ಪೋ ಎಂದು ಈಗಲೂ ನನ್ನನ್ನು ಬಿಡದ ಪ್ರಶ್ನೆಯನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮಗಳ ಮನೆ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ. ನಾನೂ ನನ್ನ ಹೆಂಡತಿಯೂ ಫೆಬ್ರುವರಿಯಲ್ಲಿ ಮೈಸೂರು ಬಿಟ್ಟು ಹೊರಟವರು. ಮೂರು ತಿಂಗಳಿದ್ದು ಹಿಂತಿರುಗುವುದೆಂಬ ಲೆಕ್ಕ. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಈ ರೋಗವನ್ನು ಜಾಗತಿಕ ಪಿಡುಗೆಂದು ಕರೆಯಿತು. ಅದೇ ತಿಂಗಳ 23ರಿಂದ ಭಾರತಕ್ಕೆ ಬರುವ ವಿಮಾನಗಳು ನಿಂತವು. ನಮ್ಮಂಥ ಎಷ್ಟೋ ತಂದೆತಾಯಿಗಳು ಮಕ್ಕಳ ಮನೆಯಲ್ಲೇ ಉಳಿದರು. ಅತಿಥಿಗಳೋ ಅಗತಿಗಳೋ ಎಂದು ನಮಗೇ ತಿಳಿಯದಂಥ ಸ್ಥಿತಿ.

ವಿನೋದಸ್ಥಳವೆಂದರೆ ಉಯ್ಯಾಲೆ, ಜಾರುಬಂಡೆ, ತಿರುಗುವ ತೊಟ್ಟಿಲುಗಳ ಒಂದು ಮೈದಾನವೆಂದು ನಾನು ತಿಳಿದಿದ್ದೆ. ಅಷ್ಟೇ ಅಲ್ಲ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದರ ಹಿಂದಿದ್ದ ಭಾವನೆ, ಬಂದವರನ್ನು ಒಂದು ಕಥೆಯೊಳಗೆ ನಡೆಸಿಕೊಂಡು ಹೋಗಬೇಕೆಂಬುದು. ಬಾಗಿಲು ದಾಟಿದರೆ ಹಳೆಯ ಕಾಲದ ಒಂದು ಬೀದಿ. ಬೀದಿಯ ಕೊನೆಗೆ ಕಣ್ಣು ಸೆಳೆಯುವ ಒಂದು ಕೋಟೆ. ಅಲ್ಲಿಂದ ಮುಂದೆ ಕಾಡು, ಕಡಲು, ಗಗನ. ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ 1971ರ ಅಕ್ಟೋಬರ್ 1ರಂದು ಇದೇ ಮಾದರಿಯಲ್ಲಿ ಆರಂಭವಾಯಿತು. 2019ರಲ್ಲಿ ಅಲ್ಲಿಗೆ ಬಂದವರ ಸಂಖ್ಯೆ ಸುಮಾರು 2 ಕೋಟಿ 9 ಲಕ್ಷವೆಂದು ಅಂದಾಜು.

ಇಷ್ಟು ಜನರನ್ನು ಬೇಸರವಿಲ್ಲದಂತೆ ನಿಲ್ಲಿಸುವುದೇ ಅಲ್ಲಿಯ ದೊಡ್ಡ ವಿದ್ಯೆ. ಸಾಲನ್ನು ನೇರವಾಗಿ ಬಿಡದೆ ಹಾವಿನಂತೆ ಮಡಿಸಿ ಮಡಿಸಿ ಬಿಡುತ್ತಾರೆ. ಮುಂದಿನವರ ಮುಖ ಕಾಣುತ್ತದೆ; ಎರಡು ಹೆಜ್ಜೆಗೊಮ್ಮೆ ಸಾಲು ಸರಿಯುತ್ತದೆ; ಗೋಡೆಯ ಮೇಲೆ ಚಿತ್ರ, ಕಿವಿಗೆ ಹಾಡು. ಒಂದು ಗಂಟೆ ಕಾದದ್ದು ಕಾದಂತೆ ತೋರುವುದಿಲ್ಲ. ಹೀಗೆ ಕಡಿಮೆ ಜಾಗದಲ್ಲಿ ಬಹಳ ಜನ, ಮುಚ್ಚಿದ ಕೋಣೆಗಳು, ಒಟ್ಟಿಗೆ ಕೂಗುವುದು, ಒಬ್ಬರು ಹಿಡಿದ ಸರಳನ್ನು ಇನ್ನೊಬ್ಬರು ಹಿಡಿಯುವುದು, ಸಂಜೆ ಸಿಡಿಮದ್ದು ನೋಡಲು ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು, ಇವೆಲ್ಲ ಸೇರಿಯೇ ಅಲ್ಲಿಯ ಆನಂದ. ಉಸಿರಿನಿಂದ ಹರಡುವ ರೋಗಕ್ಕೆ ಬೇಕಾದ ಅನುಕೂಲಗಳೂ ಇವೇ. ಜಾತ್ರೆಯನ್ನು ಜಾತ್ರೆಯಾಗಿಸುವುದೆಲ್ಲ ಆ ವರ್ಷ ಅಪಾಯವಾಗಿ ನಿಂತಿತು.

ಒಂದೊಂದಾಗಿ ಬಾಗಿಲುಗಳು ಮುಚ್ಚಿದವು. ಜನವರಿ 25ರಂದು ಶಾಂಘೈ, ಮರುದಿನ ಹಾಂಗ್‌ಕಾಂಗ್, ಫೆಬ್ರುವರಿ 29ರಂದು ಟೋಕಿಯೊ, ಮಾರ್ಚ್ ನಡುವಿನಲ್ಲಿ ಕ್ಯಾಲಿಫೋರ್ನಿಯ ಮತ್ತು ಫ್ಲಾರಿಡಾ. ಅವುಗಳೊಂದಿಗೆ ಹೋಟೆಲುಗಳೂ ಬರಿದಾದವು. ಹೋಟೆಲಿನ ಕೋಣೆ ವಿಚಿತ್ರವಾದ ಸರಕು. ಬಟ್ಟೆ ಇಂದು ಮಾರಾಟವಾಗದಿದ್ದರೆ ನಾಳೆ ಮಾರಬಹುದು. ಅಕ್ಕಿಯನ್ನು ಮೂಟೆ ಕಟ್ಟಿ ಇಡಬಹುದು. ನಿನ್ನೆ ರಾತ್ರಿ ಖಾಲಿ ಉಳಿದ ಕೋಣೆಯನ್ನು ಇಂದು ಯಾರಿಗೂ ಮಾರುವಂತಿಲ್ಲ. ಆ ರಾತ್ರಿ ಹೋಯಿತೆಂದರೆ ಹೋಯಿತು. 2020ರ ಏಪ್ರಿಲಿನಲ್ಲಿ ಅಮೆರಿಕದ ಹೋಟೆಲುಗಳ ನೂರು ಕೋಣೆಗಳಲ್ಲಿ ತುಂಬಿದ್ದುದು ಇಪ್ಪತ್ತೈದಕ್ಕಿಂತ ಹೆಚ್ಚಲ್ಲ. ಕೋಣೆ ಗುಡಿಸುವವರು, ಹಾಸಿಗೆಯ ಬಟ್ಟೆ ಒಗೆಯುವವರು, ಅಡಿಗೆಯವರು ಮನೆಗೆ ಹೋದರು. ಆದ್ದರಿಂದ ತೆರೆಯಬೇಕೆಂಬ ಒತ್ತಾಯವನ್ನು ಬರಿಯ ಲಾಭದಾಸೆ ಎಂದು ತಳ್ಳಿಹಾಕುವುದು ಸುಲಭವಲ್ಲ. ಆಸೆಯೂ ಇತ್ತು, ಹಸಿವೂ ಇತ್ತು.

ಮೊದಲು ತೆರೆದದ್ದು ಶಾಂಘೈ, ಮೇ 11ರಂದು. ಎಂದಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಜನರಿಗೆ ಮಾತ್ರ ಪ್ರವೇಶವೆಂದು ಅಲ್ಲಿಯ ಸರಕಾರ ಕಟ್ಟುಮಾಡಿತ್ತು. ಹಾಂಗ್‌ಕಾಂಗಿನದು ಜೂನ್ 18ರಂದು ತೆರೆದು, ರೋಗ ಮರುಕಳಿಸಿದ್ದರಿಂದ ಜುಲೈ 15ರಂದು ಮತ್ತೆ ಮುಚ್ಚಿತು. ಸೆಪ್ಟೆಂಬರಿನಲ್ಲಿ ತೆರೆದು ಡಿಸೆಂಬರಿನಲ್ಲಿ ಇನ್ನೊಮ್ಮೆ ಮುಚ್ಚಿತು. ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಾಯ್ತೆರೆದು ಕೂಗಿದರೆ ಉಗುಳಿನ ಹನಿಗಳು ಹಾರುತ್ತವೆಂದು, ರೋಲರ್ ಕೋಸ್ಟರಿನಲ್ಲಿ ಕುಳಿತವರು ಕಿರುಚಬಾರದೆಂದು ಅಲ್ಲಿಯ ವಿನೋದೋದ್ಯಾನಗಳ ಸಂಘಗಳು ಸೂಚನೆ ಕೊಟ್ಟವು. ಇದು ಸಾಧ್ಯವೇ ಎಂದು ಜನ ನಕ್ಕರು. ಫ್ಯೂಜಿ ಪರ್ವತದ ಸಮೀಪದ ಫ್ಯೂಜಿ-ಕ್ಯೂ ಹೈಲ್ಯಾಂಡ್ ಎಂಬ ಉದ್ಯಾನದ ಇಬ್ಬರು ಅಧಿಕಾರಿಗಳು ಕೋಟು ಟೈ ತೊಟ್ಟು, ಮುಖಗವಸು ಹಾಕಿಕೊಂಡು, ಆ ಭಯಂಕರವಾದ ಬಂಡಿಯಲ್ಲಿ ಕುಳಿತು, ಏರಿ ಇಳಿದು ಸುತ್ತಿ, ತುಟಿ ಬಿಚ್ಚದೆ ಹಿಂತಿರುಗಿದ್ದನ್ನು ಚಿತ್ರೀಕರಿಸಿ ಲೋಕಕ್ಕೆ ತೋರಿಸಿದರು. ಕಿರುಚುವುದಾದರೆ ನಿಮ್ಮ ಹೃದಯದೊಳಗೇ ಕಿರುಚಿಕೊಳ್ಳಿ ಎಂಬುದು ಅವರ ವಿನಂತಿ. ಅದನ್ನು ನೋಡಿ ನಮ್ಮ ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು.

ಆ ಮಾತಿನ ಇನ್ನೊಂದು ಅರ್ಥ ನನಗೆ ತಿಳಿದದ್ದು ಕೆಲವೇ ದಿನಗಳಲ್ಲಿ. ಜುಲೈ ಕೊನೆಯಲ್ಲಿ ಮೈಸೂರಿನಲ್ಲಿ ನನ್ನ ತಮ್ಮ ಈ ರೋಗದಿಂದ ತೀರಿಕೊಂಡ. ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ. ಮೈತುಂಬ ಬಿಳಿಯ ಕವಚ ತೊಟ್ಟ ಅಪರಿಚಿತರು ಅವನನ್ನು ಸಾಗಿಸಿದರು. ಅವನ ಮಗ ದೂರದಲ್ಲಿ ನಿಂತು ಫೋನಿನಲ್ಲಿ ತೋರಿಸಿದ. ನಾನು ಹತ್ತು ಸಾವಿರ ಮೈಲಿಗಳಾಚೆ ಅಡಿಗೆಮನೆಯ ಮೇಜಿನ ಮುಂದೆ ಕುಳಿತು ನೋಡಿದೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿತ್ತು. ಕೂಗುವಂತಿರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ, ಎಂಟು ವರ್ಷದ ಮೊಮ್ಮಗಳು ಒಂದು ಸಂಜೆ ನನ್ನ ಕುರ್ಚಿಯ ಬಳಿ ಬಂದು ನಿಂತು, "ತಾತ, ಪಾರ್ಕು ತೆರೆದಿದೆಯಂತೆ. ಅಪ್ಪ ಅಮ್ಮ ನಿನ್ನನ್ನು ಕೇಳು ಅಂದರು" ಎಂದಳು. ಮಾರ್ಚ್‌ನಲ್ಲಿ ಅವಳ ಹುಟ್ಟುಹಬ್ಬಕ್ಕೆಂದು ಕೊಂಡಿದ್ದ ಟಿಕೆಟುಗಳು ಹಾಗೆಯೇ ಉಳಿದಿದ್ದವು. ಐದು ತಿಂಗಳು ಆ ಮಗು ಶಾಲೆಯನ್ನು ಕಂಡಿರಲಿಲ್ಲ. ಇನ್ನೊಂದು ಮಗುವಿನ ಕೈ ಹಿಡಿದಿರಲಿಲ್ಲ.

ನನ್ನ ಹೆಂಡತಿ ಒಪ್ಪಲಿಲ್ಲ. "ವರ್ಷ ತುಂಬಿಲ್ಲ. ಅಷ್ಟರಲ್ಲಿ ಜಾತ್ರೆ ತಿರುಗುವುದೇ? ಊರಿನಲ್ಲಿ ಕೇಳಿದವರು ಏನೆಂದಾರು?" ಎಂದಳು. ಮಗಳು, "ಅಮ್ಮ, ಚಿಕ್ಕಪ್ಪ ಇದ್ದಿದ್ದರೆ ಮೊದಲು ಅವರೇ ಹೊರಡಿಸುತ್ತಿದ್ದರು" ಎಂದಳು. ಅದು ನಿಜ. ಅಪಾಯದ ಮಾತೂ ಬಂತು. ಉದ್ಯಾನ ಜುಲೈ 11ರಂದು ತೆರೆದಿತ್ತು. ಮರುದಿನವೇ ಫ್ಲಾರಿಡಾದಲ್ಲಿ ಒಂದೇ ದಿನಕ್ಕೆ 15,000ಕ್ಕೂ ಹೆಚ್ಚು ಹೊಸ ರೋಗಿಗಳು ವರದಿಯಾಗಿದ್ದರು. ಅಲ್ಲಿಯವರೆಗೆ ಅಮೆರಿಕದ ಯಾವ ರಾಜ್ಯದಲ್ಲಿಯೂ ಒಂದು ದಿನದಲ್ಲಿ ಅಷ್ಟು ಸಂಖ್ಯೆ ಕಂಡಿರಲಿಲ್ಲ. ಆಗಸ್ಟಿನ ಹೊತ್ತಿಗೆ ಅದು ಇಳಿಯುತ್ತಿತ್ತು, ಅಷ್ಟೆ. ಕೊನೆಗೆ ಹೆಂಡತಿ ಮನೆಯಲ್ಲಿ ಉಳಿದಳು. ನಾವು ನಾಲ್ವರು ಹೊರಟೆವು.

ಟ್ಯಾಂಪಾದಿಂದ ಒಂದೂವರೆ ಗಂಟೆಯ ದಾರಿ. ಹಿಂದಿನ ರಾತ್ರಿ ಉದ್ಯಾನದ ಸಮೀಪದ ಒಂದು ಹೋಟೆಲಿನಲ್ಲಿ ತಂಗಿದೆವು. ಅಂಗಳದಂಥ ಹಜಾರದಲ್ಲಿ ನಾವಲ್ಲದೆ ಇನ್ನೊಂದು ಸಂಸಾರ. ಗುಮಾಸ್ತೆ ಗಾಜಿನಂಥ ಪರದೆಯ ಹಿಂದೆ ನಿಂತಿದ್ದಳು. ಕೋಣೆಯ ಬಾಗಿಲಿಗೆ ಒಂದು ಕಾಗದದ ಮುದ್ರೆ: ಶುಚಿಮಾಡಿದ ಮೇಲೆ ಯಾರೂ ಒಳಗೆ ಕಾಲಿಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ನಾವು ಇರುವಷ್ಟು ಹೊತ್ತು ಗುಡಿಸಲು ಯಾರೂ ಬರುವುದಿಲ್ಲ. ಮೇಜಿನ ಮೇಲೆ ಪುಸ್ತಕವಿಲ್ಲ, ಪೆನ್ನಿಲ್ಲ. ಟೆಲಿವಿಷನ್ ಗುಂಡಿಗಳ ಪೆಟ್ಟಿಗೆಗೂ ಒಂದು ಪ್ಲಾಸ್ಟಿಕ್ ಅಂಗಿ. ಮಡಿಯಲ್ಲಿರುವ ಅಜ್ಜಿಯ ಮನೆಗೆ ಬಂದಂತಾಯಿತು ನನಗೆ. ಆದರೆ ನಮ್ಮ ಮಡಿಗೂ ಇದಕ್ಕೂ ಒಂದು ಭೇದವುಂಟು. ನಮ್ಮ ಮಡಿ ಹುಟ್ಟನ್ನು ನೋಡಿ ದೂರ ನಿಲ್ಲಿಸುತ್ತಿತ್ತು. ಈ ಮಡಿ ಎಲ್ಲರನ್ನೂ ಎಲ್ಲರಿಂದಲೂ ಆರು ಅಡಿ ದೂರ ನಿಲ್ಲಿಸಿತ್ತು. ಅಷ್ಟರಮಟ್ಟಿಗೆ ಅದು ನ್ಯಾಯವಾದ ಮಡಿ.

ಆ ಮುದ್ರೆಯ ಬಗ್ಗೆ ಒಂದು ಮಾತು ಹೇಳಬೇಕು. ಆಗ ಎಲ್ಲರ ಭಯವೂ ಮುಟ್ಟಿದ ವಸ್ತುಗಳ ಮೇಲಿತ್ತು. ಬಾಗಿಲ ಹಿಡಿ, ಮೇಜು, ಕೊನೆಗೆ ತರಕಾರಿಯನ್ನೂ ನಾವು ತೊಳೆದೆವು. ಆದರೆ ಆ ಜುಲೈ ತಿಂಗಳಲ್ಲೇ 239 ವಿಜ್ಞಾನಿಗಳು ಒಂದು ಬಹಿರಂಗ ಪತ್ರವನ್ನು ಬೆಂಬಲಿಸಿ, ರೋಗ ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಿಂದಲೂ ಹರಡುತ್ತದೆ, ಗಾಳಿಯಾಟಕ್ಕೆ ಗಮನ ಕೊಡಿ ಎಂದು ಕೇಳಿಕೊಂಡಿದ್ದರು. 2021ರ ಏಪ್ರಿಲಿನಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರ, ಮುಟ್ಟಿದ ವಸ್ತುವಿನಿಂದ ರೋಗ ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ಎಂದರೆ, ನಮ್ಮನ್ನು ಕಾಯುತ್ತಿದ್ದುದು ಬಾಗಿಲ ಮೇಲಿನ ಮುದ್ರೆಯಲ್ಲ. ತೆರೆದ ಕಿಟಕಿ ಕಾಯಬಹುದಾಗಿತ್ತು. ಆ ಕೋಣೆಯ ಕಿಟಕಿಯೋ ತೆರೆಯುವಂಥದಾಗಿರಲಿಲ್ಲ. ಅಂದು ತಿಳಿದಷ್ಟನ್ನು ಅಂದು ಮಾಡಿದರು, ಅವರನ್ನು ಹಳಿಯಲಾರೆ. ಕಣ್ಣಿಗೆ ಕಾಣುವ ಶುಚಿಯೇ ಕ್ಷೇಮವೆಂದು ನಂಬುವ ಮನಸ್ಸು ಮಾತ್ರ ನಮ್ಮೆಲ್ಲರದೂ ಒಂದೇ.

ಮರುದಿನ ಬೆಳಗ್ಗೆ ಉದ್ಯಾನ. ಟಿಕೆಟಿದ್ದರೆ ಸಾಲದು, ಇಂಥ ದಿನ ಬರುತ್ತೇವೆಂದು ಮೊದಲೇ ಕಾಯ್ದಿರಿಸಬೇಕು. ಎಂದಿನ ಜನರ ಸುಮಾರು ಕಾಲು ಭಾಗಕ್ಕೆ ಮಾತ್ರ ಅವಕಾಶ. ಬಾಗಿಲಿನಲ್ಲಿ ಡೇರೆ ಹಾಕಿ ಎಲ್ಲರ ಹಣೆಯ ಶಾಖ ನೋಡಿದರು. ಎರಡು ವರ್ಷ ದಾಟಿದ ಪ್ರತಿಯೊಬ್ಬರಿಗೂ ಮುಖಗವಸು ಕಡ್ಡಾಯ. ತಿನ್ನಲು ಕುಡಿಯಲು ಅದನ್ನು ತೆಗೆಯಬೇಕಾದರೆ ಒಂದೆಡೆ ನಿಲ್ಲಬೇಕು. ಸಾಲಿನ ನೆಲದ ಮೇಲೆ ಆರಾರು ಅಡಿಗೊಂದು ಗುರುತು. ಮೆರವಣಿಗೆಯಿಲ್ಲ, ಸಿಡಿಮದ್ದಿಲ್ಲ, ಮಕ್ಕಳನ್ನು ಅಪ್ಪಿಕೊಳ್ಳುವ ಮಿಕ್ಕಿ ಇಲಿಯೂ ಇಲ್ಲ. ಜನ ಗುಂಪುಗೂಡಬಾರದೆಂದು ಹೊತ್ತುಗೊತ್ತು ತಿಳಿಸದೆ ಒಂದೆರಡು ಅಲಂಕೃತ ಗಾಡಿಗಳನ್ನು ಬಿಡುತ್ತಿದ್ದರು. ಅದರ ಮೇಲೆ ನಿಂತ ವೇಷಗಳು ದೂರದಿಂದ ಕೈಬೀಸಿ ಹೋಗುತ್ತಿದ್ದವು. ಮೊಮ್ಮಗಳು ಕೈಬೀಸಿದಳು. ಆಮೇಲೆ ನನ್ನತ್ತ ತಿರುಗಿ, "ನಾನು ನಗುತ್ತಿದ್ದದ್ದು ಅವಳಿಗೆ ಕಾಣಿಸಿತೋ ಇಲ್ಲವೋ" ಎಂದಳು.

ಬೀದಿ ವಿಶಾಲವಾಗಿ ಬಿದ್ದಿತ್ತು. ಹಾಡು ಮಾತ್ರ ಎಂದಿನಂತೆ ಕಂಬಗಳಿಂದ ಹರಿಯುತ್ತಿತ್ತು. ಬೇರೆ ದಿನಗಳಲ್ಲಿ ಗಂಟೆಗಟ್ಟಲೆ ಕಾಯಬೇಕಾದಲ್ಲಿ ನಮಗೆ ಹತ್ತು ಹದಿನೈದು ನಿಮಿಷ. ಸಂತೋಷಪಡಬೇಕಾದ ಮಾತು, ಆದರೂ ಏನೋ ಕಳೆದುಕೊಂಡಂತಿತ್ತು. ಅನ್ಯರ ಸಂತೋಷ ನಮ್ಮ ಸಂತೋಷದಲ್ಲಿ ಎಷ್ಟು ಪಾಲು ಪಡೆದಿರುತ್ತದೆ ಎಂಬುದು ಅವರು ಇಲ್ಲದಾಗಲೇ ತಿಳಿಯುವುದು.

ಮಧ್ಯಾಹ್ನ ಒಂದು ದೋಣಿಯಲ್ಲಿ ಕುಳಿತೆವು. ಮುಂದೆ ಸಾಲುಗಳನ್ನು ಖಾಲಿ ಬಿಟ್ಟಿದ್ದರು. ದೋಣಿ ಒಂದು ಗುಹೆಯಂಥ ಭವನದೊಳಕ್ಕೆ ತೇಲುತ್ತದೆ. ಎರಡು ದಡದಲ್ಲಿಯೂ ಲೋಕದ ನಾನಾ ದೇಶಗಳ ಉಡುಪು ತೊಟ್ಟ ನೂರಾರು ಗೊಂಬೆಗಳು ಒಂದೇ ಹಾಡನ್ನು ಹಾಡುತ್ತ ಕುಣಿಯುತ್ತವೆ. ಸುತ್ತಮುತ್ತ ಬಾಯಿ ಮುಚ್ಚಿಕೊಳ್ಳದೆ ಹಾಡುತ್ತಿದ್ದವರೆಂದರೆ ಆ ಗೊಂಬೆಗಳೇ. ನನಗೆ ಥಟ್ಟನೆ ನಮ್ಮ ಮನೆಯ ನವರಾತ್ರಿ ನೆನಪಾಯಿತು. ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸುವುದು ನಿಮಗೆ ಗೊತ್ತೇ ಇದೆ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆ, ದೇವರು, ಅಂಗಡಿ ಶೆಟ್ಟಿ ಶೆಟ್ಟಿಗಿತ್ತಿ. ಕೆಳಗೆ ನೆಲದ ಮೇಲೆ ಹುಡುಗರು ಕಟ್ಟುವ ಪಾರ್ಕು. ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ವಾರಕ್ಕೆ ಮೊದಲೇ ಮೊಳಕೆ ಬರಿಸಿ ಹುಲ್ಲುಹಾಸು ಮಾಡುವುದು; ಕನ್ನಡಿಯ ಚೂರಿನಿಂದ ಕೆರೆ, ಬೆಂಕಿಪೊಟ್ಟಣದಿಂದ ಬೆಂಚು. ನಮ್ಮ ಮನೆಯಲ್ಲಿ ಆ ಪಾರ್ಕಿನ ಯಜಮಾನ ನನ್ನ ತಮ್ಮ. ನೀರು ಚಿಮುಕಿಸಲು ನನಗೂ ಅಪ್ಪಣೆಯಿರಲಿಲ್ಲ. ಕೆರೆಯ ದಂಡೆಗೆ ಎರಡು ಗೊಂಬೆಗಳನ್ನು ಕೂರಿಸಿ, "ಇದು ನೀನು, ಇದು ನಾನು" ಎನ್ನುತ್ತಿದ್ದ. ಈ ಭಾರಿ ಉದ್ಯಾನ ಅವನು ಕಟ್ಟುತ್ತಿದ್ದುದರ ದೊಡ್ಡ ರೂಪವಲ್ಲದೆ ಬೇರೇನು? ದೋಣಿಯ ಕತ್ತಲಲ್ಲಿ, ಮೂರು ವಾರಗಳಿಂದ ಬಾರದಿದ್ದ ಕಣ್ಣೀರು ಬಂತು. ಮುಖಗವಸು ಆ ಹೊತ್ತು ಉಪಕಾರ ಮಾಡಿತು. ಮೊಮ್ಮಗಳು ಏನನ್ನೂ ಕೇಳಲಿಲ್ಲ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಇದು ನನ್ನ ಮಾತಾಯಿತು. ಅಲ್ಲಿ ದುಡಿಯುತ್ತಿದ್ದವರ ಮಾತು ಬೇರೆ. ನಾನು ಒಂದು ದಿನದ ಅಪಾಯವನ್ನು ಆರಿಸಿಕೊಂಡು ಹೋದವನು; ದೋಣಿಯ ಬಳಿ ನಿಂತು ಸಾಲು ಬಿಡುತ್ತಿದ್ದ, ನನ್ನಷ್ಟೇ ವಯಸ್ಸಾದ ಹೆಂಗಸಿಗೆ ಅದು ಪ್ರತಿದಿನದ್ದು. ಮುಖಗವಸನ್ನು ಮೂಗಿನ ಮೇಲೆ ಏರಿಸಿಕೊಳ್ಳಿ ಎಂದು ಬಂದವರಿಗೆಲ್ಲ ವಿನಯದಿಂದ ಹೇಳುವುದೇ ಅವಳ ಕೆಲಸವಾಗಿತ್ತು. ಹಾಗೆಂದು ಮುಚ್ಚಿದ್ದರೆ ಅವಳಿಗೆ ಕ್ಷೇಮವಾಗುತ್ತಿತ್ತೇ? ಸೆಪ್ಟೆಂಬರ್ 29ರಂದು ಡಿಸ್ನಿ ಸಂಸ್ಥೆ ಅಮೆರಿಕದ ತನ್ನ ಉದ್ಯಾನ ವಿಭಾಗದಿಂದ 28,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ನವೆಂಬರಿನಲ್ಲಿ ಒಟ್ಟು ಸಂಖ್ಯೆ 32,000ಕ್ಕೆ ಏರಿತು. ಕ್ಯಾಲಿಫೋರ್ನಿಯದ ಸರಕಾರ ಉದ್ಯಾನಗಳಿಗೆ ಅನುಮತಿ ಕೊಡಲಿಲ್ಲ. ಅಲ್ಲಿಯ ಡಿಸ್ನಿಲ್ಯಾಂಡ್ 412 ದಿನ ಮುಚ್ಚಿದ್ದು 2021ರ ಏಪ್ರಿಲ್ 30ರಂದು ತೆರೆಯಿತು. ಒಂದೇ ದೇಶ, ಒಂದೇ ಸಂಸ್ಥೆ, ಒಂದೇ ರೋಗ. ಎರಡು ರಾಜ್ಯಗಳು ಎರಡು ದಾರಿ ಹಿಡಿದವು. ಆ ಮುಚ್ಚಿದ ಕಾಲದಲ್ಲಿ ಡಿಸ್ನಿಲ್ಯಾಂಡಿನ ವಾಹನ ನಿಲ್ಲಿಸುವ ಬಯಲು 2021ರ ಜನವರಿಯಿಂದ ಲಸಿಕೆ ಹಾಕುವ ದೊಡ್ಡ ಕೇಂದ್ರವಾಯಿತು ಎಂಬುದನ್ನು ಮಾತ್ರ ಸಂತೋಷದಿಂದ ನೆನೆಯುತ್ತೇನೆ. ಆಟಕ್ಕೆ ಬಂದವರು ವಾಹನ ಇಳಿಯುತ್ತಿದ್ದ ಜಾಗದಲ್ಲಿ ಜನ ಬದುಕಿಗಾಗಿ ಸಾಲು ನಿಂತರು.

ಬಾಗಿಲು ತೆರೆಯುವುದೆಂದರೆ ಒಮ್ಮೆ ತೆರೆದು ಮರೆಯುವ ಕೆಲಸವೂ ಅಲ್ಲ. 2021ರ ಅಕ್ಟೋಬರ್ 31ರಂದು, ಹಿಂದೆ ಬಂದುಹೋಗಿದ್ದ ಒಬ್ಬರಿಗೆ ರೋಗವಿದೆಯೆಂದು ತಿಳಿದು, ಶಾಂಘೈ ಉದ್ಯಾನದ ಬಾಗಿಲುಗಳನ್ನು ಹಾಕಿ ಒಳಗಿದ್ದ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿಯೇ ಹೊರಗೆ ಬಿಟ್ಟರು. ಕವಚ ತೊಟ್ಟ ಸಿಬ್ಬಂದಿ ಕೆಳಗೆ, ಆಕಾಶದಲ್ಲಿ ಎಂದಿನ ಸಿಡಿಮದ್ದು. ಆ ಚಿತ್ರವನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು.

ಅಕ್ಟೋಬರ್ ಮೊದಲ ವಾರದಲ್ಲಿ ವಂದೇ ಭಾರತ್ ಯೋಜನೆಯ ವಿಮಾನದಲ್ಲಿ ನಾವು ಹಿಂತಿರುಗಿದೆವು. ಇಲ್ಲಿಯೂ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಹೋಟೆಲುಗಳು ಜೂನ್ 8ರಿಂದಲೇ ತೆರೆದಿದ್ದವು, ಊಟದ ಮನೆಯಲ್ಲಿ ಅರ್ಧದಷ್ಟೇ ಕುರ್ಚಿಗಳೊಡನೆ. ತಾಜ್ ಮಹಲು ಆರು ತಿಂಗಳು ಮುಚ್ಚಿದ್ದು ಸೆಪ್ಟೆಂಬರ್ 21ರಂದು, ದಿನಕ್ಕೆ 5,000 ಜನರ ಮಿತಿಯಲ್ಲಿ ತೆರೆದಿತ್ತು. ವಿನೋದೋದ್ಯಾನಗಳಿಗೆ ಕೇಂದ್ರ ಸರಕಾರ ಅಕ್ಟೋಬರ್ 15ರಿಂದ ಅನುಮತಿ ನೀಡಿತು. ನಮ್ಮ ದಸರೆಯೋ ಅರಮನೆಯ ಆವರಣದೊಳಗೇ ಮುಗಿಯಿತು. ಅಭಿಮನ್ಯು ಮೊದಲ ಬಾರಿಗೆ ಚಿನ್ನದ ಅಂಬಾರಿ ಹೊತ್ತದ್ದು ಆ ವರ್ಷವೇ. ಅದನ್ನು ಎದುರಿಗೆ ನಿಂತು ಕಂಡವರು ಸುಮಾರು 300 ಜನ. ಬನ್ನಿಮಂಟಪದ ದಾರಿಯಲ್ಲಿ ಬೆಳಗಿನಿಂದ ಜಾಗ ಹಿಡಿದು ಕೂರುವ ಹಳ್ಳಿಯ ಜನ, ಕಡಲೆಕಾಯಿ ಮಾರುವವರು, ಹೆಗಲ ಮೇಲಿನ ಮಕ್ಕಳು ಯಾರೂ ಇಲ್ಲ. ನಾನು ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡಿದೆ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. 1898ರಲ್ಲಿ ಬೆಂಗಳೂರು ಮೈಸೂರುಗಳಿಗೆ ಪ್ಲೇಗು ಬಂದಾಗ ಊರಿಗೆ ಊರೇ ಬಾಗಿಲು ಹಾಕಿ ಹೊಲಗಳಲ್ಲಿ ಗುಡಿಸಲು ಹೂಡಿತು. ಯಾವಾಗ ಮರಳಬೇಕು, ಮೊದಲು ಯಾರು ಮರಳಬೇಕು ಎಂಬ ಪ್ರಶ್ನೆ ಅವರಿಗೂ ಇತ್ತು. ಸಾವಿನ ಮನೆಗೂ ನಮ್ಮವರು ದಿನಗಳನ್ನು ಎಣಿಸಿಟ್ಟಿದ್ದಾರೆ. ಇಷ್ಟು ದಿನ ಸೂತಕ, ಇಂಥ ದಿನ ಸ್ನಾನ, ಇಂಥ ದಿನ ನಾಲ್ಕು ಜನರೊಡನೆ ಕುಳಿತು ಸಿಹಿ ಉಣ್ಣುವುದು. ದುಃಖ ಮುಗಿಯಿತೆಂದು ಅದರ ಅರ್ಥವಲ್ಲ. ದುಃಖವಿದ್ದಂತೆಯೇ ಬಾಗಿಲು ತೆರೆಯಲು ಒಂದು ದಿನ ಗೊತ್ತುಮಾಡದಿದ್ದರೆ ಮನುಷ್ಯ ತಾನಾಗಿ ತೆರೆಯಲಾರ ಎಂಬ ತಿಳುವಳಿಕೆ ಅದು. 2020ರಲ್ಲಿ ನಮಗೆ ಆ ದಿನವನ್ನು ಗೊತ್ತುಮಾಡಿಕೊಡುವವರು ಇರಲಿಲ್ಲ. ಒಂದು ಸರಕಾರ ಒಂದು ದಿನ ಹೇಳಿತು, ಇನ್ನೊಂದು ಸರಕಾರ ಇನ್ನೊಂದು ದಿನ. ಪ್ರತಿಯೊಂದು ಮನೆಯೂ ತನ್ನ ಸೂತಕವನ್ನು ತಾನೇ ಎಣಿಸಿಕೊಳ್ಳಬೇಕಾಯಿತು. ನಾನು ಬೇಗ ಹೊರಟೆನೋ ಏನೋ, ಈಗಲೂ ಹೇಳಲಾರೆ. ನಮ್ಮಲ್ಲಿ ಯಾರಿಗೂ ಕಾಯಿಲೆಯಾಗಲಿಲ್ಲ ಎಂಬುದು ಅದೃಷ್ಟವೇ ಹೊರತು ಉತ್ತರವಲ್ಲ.

ಆ ನವರಾತ್ರಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವಂತಿರಲಿಲ್ಲ. ಪೆಟ್ಟಿಗೆ ಅಟ್ಟದ ಮೇಲೆಯೇ ಉಳಿಯಿತು. ಮನೆಯಿಂದ ಹೊರಗೆ ಬರಬಾರದ ಹದಿನಾಲ್ಕು ದಿನಗಳು ನಮ್ಮವು. ಒಂದು ಬೆಳಗ್ಗೆ ಹಿತ್ತಿಲಿಗೆ ಹೋದಾಗ, ತುಳಸಿಕಟ್ಟೆಯ ಹಿಂದೆ ಒಂದು ಹಳೆಯ ಹಿತ್ತಾಳೆಯ ತಟ್ಟೆ ಕಂಡಿತು. ಅದರ ತುಂಬ ಮಣ್ಣು; ಮಣ್ಣಿನ ಮೇಲೆ ಬೆರಳುದ್ದ ರಾಗಿಯ ಮೊಳಕೆ. ಜಾತ್ರೆಗೆ ಬರಲೊಲ್ಲೆನೆಂದವಳು ಯಾವಾಗ ಅದನ್ನು ಬಿತ್ತಿದ್ದಳೋ ತಿಳಿಯದು. ನಾನು ಕೇಳಲಿಲ್ಲ, ತಂಬಿಗೆಯಲ್ಲಿ ನೀರು ತಂದು ಚಿಮುಕಿಸಿದೆ.

(ಬಾನುಲಿ ಭಾಷಣ)